ಮುರಿಗೆವ್ವನ ಒಂದು ತಾಸು

ಮುರಿಗೆವ್ವನ ಬಲಗೈ ಮೇಲೇಳುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾದ ಮೇಲೆ ಆ ಸಂಗತಿ ಮನೆಯವರ ಗಮನಕ್ಕೆ ಬಂತು. ಬಂದದ್ದಾದರೂ ಹೇಗೆ? ಒಂದು ದಿನ ರೊಟ್ಟಿ ದಪ್ಪ ಬಂತು. ಅಲ್ಲಿಯವರೆಗೆ ಆಕೆ ಎಡಗೈಯಿಂದ ಬಲಗೈ ಎತ್ತಿ ಹಿಡಿದು ಕುಬಸದ ತೋಳಿಗೆ ತೂರಿಸಿಕೊಂಡಿದ್ದಳು. ಲಿಂಗಪೂಜೆಗೆ ಕೂತಾಗ ವಿಭೂತಿಯ ಬೆರಳು ಹಣೆಯವರೆಗೆ ಹೋಗದೆ, ಹಣೆಯನ್ನೇ ಬೆರಳಿನವರೆಗೆ ಬಗ್ಗಿಸಿದ್ದಳು. ತಲೆ ಬಾಚಿಸಿಕೊಳ್ಳಲು ಸೊಸೆ ಶಾಲೆಗೆ ಹೊರಡುವ ಮುಂಚಿನ ಐದು ನಿಮಿಷಕ್ಕಾಗಿ ಬಾಚಣಿಗೆ ಹಿಡಿದು ಕಾದಿದ್ದಳು. ಇದನ್ನೆಲ್ಲ ಯಾರೂ ಕಂಡಿರಲಿಲ್ಲ ಎಂದಲ್ಲ. ಕಂಡಿದ್ದರು. ದಪ್ಪ ರೊಟ್ಟಿ ಕಂಡಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ, ಅಷ್ಟೆ.

“ಏನಿದು, ರೊಟ್ಟಿ ಬಡದೀಯೋ ಗ್ವಾಡಿ ಕಟ್ಟೀಯೋ?” ಎಂದ ಗಂಡ ಶಿವಪುತ್ರಪ್ಪ.

“ಕೈ ಏಳವಲ್ದುರಿ,” ಎಂದಳು ಮುರಿಗೆವ್ವ.

ಶಿವಪುತ್ರಪ್ಪ ಕೆಟ್ಟವನಲ್ಲ. ಕೆಟ್ಟವನಾಗುವುದಕ್ಕೂ ಪಕ್ಕದಲ್ಲಿರುವವರ ಕಡೆ ಒಮ್ಮೆಯಾದರೂ ತಿರುಗಿ ನೋಡಬೇಕಾಗುತ್ತದೆ. ಎಕ್ಕಂಬಿಯ ಎಂಟು ಎಕರೆ ಹೊಲ, ಅದರಲ್ಲಿನ ಗೋವಿನಜೋಳ, ಶುಂಠಿ, ಇವುಗಳ ನಡುವೆ ಅವನಿಗೆ ಅಷ್ಟು ಪುರಸೊತ್ತು ಇರಲಿಲ್ಲ. ಆದರೂ ಅವನೇ ಆಕೆಯನ್ನು ಶಿರಸಿಗೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಕೈ ಎತ್ತಿಸಿ, ತಿರುಗಿಸಿ ನೋಡಿ, ಭುಜದ ಕೀಲು ಬಿಗಿಯುತ್ತಿದೆ ಎಂದರು. ಈಗ ಸರಿಯಾಗಿ ಕೈಯಾಡಿಸಿದರೆ ಬಿಡುತ್ತದೆ. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಅದು ಹಾಗೇ ಉಳಿಯುತ್ತದೆ. ಗುಳಿಗೆಯಿಂದ ಆಗುವ ಕೆಲಸ ಕಡಿಮೆ, ತರಬೇತಿ ಇದ್ದವರ ಹತ್ತಿರ ಮಸಾಜ್ ಮಾಡಿಸಿ ಎಂದು ಚೇತನಾ ಎಂಬುವಳ ಹೆಸರು, ನಂಬರು ಬರೆದುಕೊಟ್ಟರು. ಸಿದ್ದಾಪುರ ಕಡೆಯ ಹುಡುಗಿ, ಓದಿ ಕಲಿತು ಬಂದವಳು, ಶಿರಸಿಯಲ್ಲಿ ಯಲ್ಲಾಪುರ ನಾಕೆಯ ಹತ್ತಿರ ಒಂದು ಅಂಗಡಿಯ ಮಾಳಿಗೆಯ ಮೇಲೆ ಕೂರುತ್ತಾಳೆ.

ಸೊಸೆ ಸ್ಫೂರ್ತಿ ಭಾನುವಾರ ಫೋನು ಮಾಡಿ ಅಪಾಯಿಂಟ್‌ಮೆಂಟ್ ಹಿಡಿದಳು. ಗುರುವಾರ ಹನ್ನೊಂದರಿಂದ ಹನ್ನೆರಡು. ಒಂದು ತಾಸು.

ಒಂದು ತಾಸು ಎಂದು ಕೇಳಿದಾಗ ಮುರಿಗೆವ್ವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಖುಷಿಯಾಯಿತು. ಈಗ ಪರಊರಿನಲ್ಲಿ ನೌಕರಿಯಲ್ಲಿರುವ ಮಗ ಆನಂದ ಹುಟ್ಟಿದಾಗ ತವರಿನಲ್ಲಿ ಅವ್ವ ಎಣ್ಣೆ ತಿಕ್ಕಿ ಎರೆದದ್ದೇ ಕೊನೆ. ಆಮೇಲಿನ ಮೂವತ್ತಮೂರು ವರ್ಷಗಳಲ್ಲಿ ಅವಳ ಮೈಗೆ ಇನ್ನೊಬ್ಬರ ಕೈ ಒಂದು ತಾಸು ದುಡಿದದ್ದಿಲ್ಲ. ಅವಳಿಗೆ ಆ ಕೈ ಬೇಕಿತ್ತು, ಮೇಲೇಳುವ ಕೈ. ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿ ಆ ತಾಸು ಬೇಕಿತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಡಾಕ್ಟರರ ಚೀಟಿಯೇ ಮೋಜಿನ ಚೀಟಿ ಎನಿಸಿಕೊಳ್ಳುತ್ತಿತ್ತು.

ಚೇತನಾ ಮೊಬೈಲಿಗೆ ಸೂಚನೆಗಳನ್ನು ಕಳಿಸಿದ್ದಳು. ಭಾನುವಾರ ಊಟಕ್ಕೆ ಕೂತಾಗ ಸ್ಫೂರ್ತಿ ಅವನ್ನು ಓದಿದಳು. ಬರುವ ಹಿಂದಿನ ಎರಡು ದಿನ ಕೈಗೆ ಭಾರದ ಕೆಲಸ ಬೇಡ. ಮನೆಯಲ್ಲಿ ಯಾರ ಹತ್ತಿರವೂ ತಿಕ್ಕಿಸಿಕೊಳ್ಳಬೇಡಿ, ಎಣ್ಣೆ, ಮುಲಾಮು ಏನೂ ಹಚ್ಚಬೇಡಿ. ಸಡಿಲವಾದ ಬಟ್ಟೆ ಹಾಕಿಕೊಂಡು ಬನ್ನಿ. ಮಸಾಜ್ ಆದ ದಿನ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಿ.

“ಕೊರಳಾಗಿನ ಲಿಂಗ ತೆಗೀ ಅಂದ್ರ ಎದ್ದ ಬಂದಬಿಡು ಮತ್ತ,” ಎಂದ ಶಿವಪುತ್ರಪ್ಪ.

“ಅದನ್ನೂ ಕೇಳೇನ್ರಿ ಮಾವಾರ. ಇರ್ಲಿ ಅಂದಾರ,” ಎಂದಳು ಸ್ಫೂರ್ತಿ. ಅವಳು ಶಿರಸಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಮಾವನಿಗೆ ಏನಾದರೂ ಹೇಳುವ ಮುಂಚೆ ಅದರ ಉತ್ತರವನ್ನೂ ತಂದಿಟ್ಟುಕೊಂಡಿರುತ್ತಾಳೆ.

ಆದರೆ ಶಿವಪುತ್ರಪ್ಪನ ಮನಸ್ಸು ಅಷ್ಟರಲ್ಲೇ ತಾಸಿನ ಮೇಲೆ ಹೋಗಿ ಕೂತಿತ್ತು. ತಾಸಿನ ಲೆಕ್ಕಕ್ಕೆ ಬರುವ ವಸ್ತು ಅವನ ಅನುಭವದಲ್ಲಿ ಒಂದೇ: ಜೆಸಿಬಿ. ಹೋದ ಬೇಸಿಗೆಯಲ್ಲಿ ಹೊಲದಲ್ಲಿ ಹೊಂಡ ತೆಗೆಸಲು ಅದನ್ನು ತರಿಸಿದ್ದ. ಹೊಂಡ ಮುಗಿದರೂ ಕೊನೆಯ ತಾಸಿನಲ್ಲಿ ಅರ್ಧದಷ್ಟು ಉಳಿದಿತ್ತು. ಉಳಿದದ್ದನ್ನು ಹಾಗೇ ಬಿಟ್ಟು ಕಳಿಸಿದರೆ ರೈತ ಹೇಗಾದಾನು? ಅಣ್ಣ ಬಸಪ್ಪನ ಅಂಗಳದ ದಿಬ್ಬ ತೆಗೆಸಿದ. ನೆರೆಮನೆಯ ಕಲ್ಲವ್ವನ ತಿಪ್ಪೆಗುಂಡಿ ಅಗಲ ಮಾಡಿಸಿದ. ಕೊನೆಯ ಮೂರು ನಿಮಿಷಕ್ಕೆ ಮಾಡಿಸಲು ಏನೂ ತೋಚದೆ, ಬದುವಿನ ಮೇಲೆ ತನ್ನ ಪಾಡಿಗೆ ಬಿದ್ದಿದ್ದ ದೊಡ್ಡ ಕಲ್ಲೊಂದನ್ನು ಆ ಕಡೆಯಿಂದ ಈ ಕಡೆಗೆ ಇಡಿಸಿದ. ಆ ಕಲ್ಲು ಈಗಲೂ ದಾರಿಗೆ ಅಡ್ಡ ಇದೆ.

“ಬರೇ ಒಂದ ಭುಜಕ್ಕ ಒಂದ ತಾಸ ಯಾಕ ಬೇಕು?” ಎಂದ ಅವನು, ರೊಟ್ಟಿ ಮುರಿಯುತ್ತ. “ಹದಿನೈದ ಮಿನಿಟದ ಕೆಲಸ. ಹೆಂಗೂ ತಾಸ ನಮ್ಮದು. ನನ್ನ ಟೊಂಕಾ ಅರ್ಧ ತಾಸ ನೋಡ್ಲಿ. ಅಣ್ಣನ ಮೊಣಕಾಲಿಗೆ ಹದಿನೈದು.”

ಹೆಂಡತಿ ತೀರಿಕೊಂಡ ಮೇಲೆ ಬಸಪ್ಪನ ಊಟ ತಮ್ಮನ ಮನೆಯಲ್ಲೇ. ಅವನು ತಟ್ಟೆಯಿಂದ ತಲೆ ಎತ್ತಿ, “ಎರಡ ಮೊಣಕಾಲ ಅದಾವಲೇ,” ಎಂದು ನೆನಪಿಸಿದ.

“ಎರಡೂ ಸೇರಿ ಹದಿನೈದು.”

“ಮಾವಾರ, ಅದು ಒಬ್ಬರಿಗೇ ಇರತೈತ್ರಿ. ಹಂಚಾಕ ಬರೂದಿಲ್ಲ,” ಎಂದಳು ಸ್ಫೂರ್ತಿ.

“ನೀ ಸಾಲ್ಯಾಗ ಭಾಗಾಕಾರ ಕಲಸೂದಿಲ್ಲೇನವಾ?”

ಸ್ಫೂರ್ತಿ ಅತ್ತೆಯ ಮುಖ ನೋಡಿದಳು. ಮುರಿಗೆವ್ವ ಪಲ್ಯ ಬಡಿಸುವುದರಲ್ಲಿ ಮಗ್ನಳಾದಳು. ಎಡಗೈಯಿಂದ ಬಡಿಸುವುದು ಅಪಚಾರ, ಬಲಗೈ ಬಸಪ್ಪನ ತಟ್ಟೆಯವರೆಗೆ ಚಾಚುವುದಿಲ್ಲ. ಆದ್ದರಿಂದ ಅವಳು ಇಡೀ ಮೈಯನ್ನೇ ಚಾಚಿದಳು.

ಇನ್ನು ವಿಶ್ರಾಂತಿಯ ಸಿದ್ಧತೆ ಶುರುವಾಯಿತು. ಹಿಂದಿನ ಎರಡು ದಿನ ಕೆಲಸ ಬೇಡ, ಆ ದಿನವೂ ಬೇಡ ಎಂದರೆ ಮೂರು ದಿನ ಮನೆಯಲ್ಲಿ ರೊಟ್ಟಿ ಬಡಿಯುವವರಿಲ್ಲ. ಮೂರು ದಿನ ಅನ್ನ ಮಾಡಿದರಾಯಿತು ಎಂದು ಸ್ಫೂರ್ತಿ ಹೇಳಿ ನೋಡಿದಳು. “ಅನ್ನ ಉಂಡ್ರ ಹೊಟ್ಟಿ ತುಂಬತೈತಿ, ಉಂಡಂಗ ಆಗೂದಿಲ್ಲ,” ಎಂದ ಬಸಪ್ಪ. ಶಿರಸಿ ತಾಲೂಕಿನ ಮುಕ್ಕಾಲು ಪಾಲು ಜನ ಅನ್ನ ಉಂಡೇ ಬದುಕಿದ್ದಾರೆ, ತಕ್ಕಮಟ್ಟಿಗೆ ದಷ್ಟಪುಷ್ಟರಾಗಿಯೂ ಇದ್ದಾರೆ. ಅವರೆಲ್ಲ ಉಣ್ಣದೆ ಬದುಕಿದ್ದಾರೆಂದು ಅವನ ಎಣಿಕೆಯಿರಬೇಕು.

ಕಟಿರೊಟ್ಟಿ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಇರುತ್ತದೆ. ಮೂರು ದಿನ ಕೈಗೆ ಬಿಡುವು ಕೊಡಬೇಕಾದರೆ ಮೂರು ದಿನದ್ದನ್ನು ಮೊದಲೇ ಬಡಿಯಬೇಕು ಎಂಬುದು ಎಲ್ಲರಿಗೂ ಸಹಜವಾಗಿ ಕಂಡಿತು. ನಾಚಿಕೆಯ ಮಾತೆಂದರೆ ಮುರಿಗೆವ್ವನಿಗೂ ಹಾಗೇ ಕಂಡಿತು. ಸೋಮವಾರ ಬೆಳಗ್ಗೆ ಹಿಟ್ಟು ನಾದಿ ಕೂತಳು. ಬಡಿದ ಪ್ರತಿ ಏಟಿಗೂ ಭುಜದಲ್ಲಿ ಕಾದ ಸೂಜಿ ಇಳಿದು ಮೇಲೆ ಬರುತ್ತಿತ್ತು. ಐವತ್ತು ಆಗುವಷ್ಟರಲ್ಲಿ ಸಂಜೆಯಾಯಿತು. ಇನ್ನರ್ಧ ಉಳಿಯಿತಲ್ಲ ಎಂದು ಅವಳು ಚಿಂತಿಸುತ್ತಿರುವಾಗ ಶಿವಪುತ್ರಪ್ಪ ಪರಿಹಾರ ಕೊಟ್ಟ. ಹಿಂದಿನ ಎರಡು ದಿನ ಎಂದರೆ ಬುಧವಾರ ಮತ್ತು ಗುರುವಾರ. ಮಂಗಳವಾರ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹೆಂಡತಿಯ ಮೇಲೆ ಇಷ್ಟು ಕಾಳಜಿ ತೋರಿಸಿ ಅವನು ಹೊಲದ ಕಡೆ ಹೊರಟ. ಮಂಗಳವಾರ ಇನ್ನೂ ಐವತ್ತೈದು ಬಂದವು. ತೆಳ್ಳಗೆ ಬಂದವು ಎಂದು ಬಸಪ್ಪ ಮೆಚ್ಚಿದ.

ಬುಧವಾರ ವಿಶ್ರಾಂತಿ. ಅಂದು ಹೊತ್ತೇರುವಷ್ಟರಲ್ಲಿ ಶಿವಪುತ್ರಪ್ಪ ಕಲ್ಲವ್ವನನ್ನು ಕರೆದುಕೊಂಡು ಬಂದ. ಕಲ್ಲವ್ವನಿಗೆ ಅರವತ್ತೈದಾದರೂ ಕೈ ಗಟ್ಟಿ. ಊರಿನವರ ಉಳುಕು ತೆಗೆಯುವವಳು ಅವಳೇ, ಕಾಲು ಹೊರಳಿದ ಎಮ್ಮೆಗಳಿಗೂ ಅವಳೇ. ಎರಡಕ್ಕೂ ಒಂದೇ ವಿಧಾನ ಅನುಸರಿಸುತ್ತಾಳೆ. ಎಮ್ಮೆಗಳು ಒದೆಯುತ್ತವೆ, ಮನುಷ್ಯರು ಮರ್ಯಾದೆಗೆ ಸುಮ್ಮನಿರುತ್ತಾರೆ.

“ಇವತ್ತ ಯಾರೂ ತಿಕ್ಕಬಾರದು ಅಂದಾಳಂತ್ರಿ,” ಎಂದಳು ಮುರಿಗೆವ್ವ.

“ಜೆಸಿಬಿ ಬರೂಕಿಂತ ಮೊದಲ ನಾವ ಮುಳ್ಳಕಂಟಿ ಕಡದ ಇಟ್ಟಿರಲಿಲ್ಲೇನ? ಕಂಟಿ ಕಡಿಯೂದ್ರಾಗ ಅದರ ತಾಸ ಹ್ವಾದ್ರ ಹೊಂಡ ತೋಡೂದು ಯಾವಾಗ?” ಎಂದ ಶಿವಪುತ್ರಪ್ಪ. “ನಿನಗ ಇರೂದು ಹದಿನೈದ ಮಿನಿಟ. ಗಂಟ ಗಿಂಟ ಎಲ್ಲಾ ಕಲ್ಲಕ್ಕ ಇವತ್ತ ಸಡ್ಲ ಮಾಡಿಟ್ರ, ನಾಳೆ ಆಕೀಗೆ ಹಗರ.”

“ಹದಿನೈದಲ್ಲ, ಹತ್ತು,” ಎಂದಳು ಕಲ್ಲವ್ವ, ಬೆಳ್ಳುಳ್ಳಿ ಅಜವಾನ ಹಾಕಿ ಕಾಯಿಸಿದ ಎಣ್ಣೆಯನ್ನು ಅಂಗೈಗೆ ಸುರಿದುಕೊಳ್ಳುತ್ತ. “ನನ್ನ ಕುತ್ತಿಗಿನೂ ಒಂದೀಟ ತೋರಸ್ಬೇಕು. ನಾನೂ ಬರ್ತೇನಿ.”

ಶಿವಪುತ್ರಪ್ಪ ಉದಾರಿ. ತನ್ನ ಟೊಂಕದ ಪಾಲಿನಲ್ಲೇ ಐದು ನಿಮಿಷ ಬಿಟ್ಟುಕೊಟ್ಟ. ಉಳಿದ ಐದನ್ನು ಹೆಂಡತಿಯ ಭುಜದಿಂದ ತೆಗೆದ. ಆಮೇಲೆ ಕಲ್ಲವ್ವನ ಹೆಬ್ಬೆರಳು ಕೀಲಿನೊಳಗೆ ಇಳಿಯಿತು. ಮುರಿಗೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಅರ್ಧ ತಾಸು ನಿಂತಳು. ಈ ಅರ್ಧ ತಾಸಿಗೆ ಮಾತ್ರ ಪಾಲುದಾರರು ಯಾರೂ ಮುಂದೆ ಬರಲಿಲ್ಲ.

ಸಂಜೆ ಶಾಲೆಯಿಂದ ಬಂದ ಸ್ಫೂರ್ತಿ ಅತ್ತೆಯ ಭುಜ ನೋಡಿ ಗಾಬರಿಯಾದಳು. ಅದು ಊದಿ, ಐದು ಬೆರಳಿನ ಗುರುತು ನೀಲಿಗಟ್ಟಿ ಕೂತಿತ್ತು.

“ನಾಳೆ ಪರೀಕ್ಷಾ ಐತಿ, ನಾ ಬರಾಕ ಆಗೂದಿಲ್ರಿ ಅತ್ತಿ. ಅಲ್ಲಿ ನೀವ ಹೇಳ್ಬೇಕು. ಇದು ನಂದು ಅನ್ರಿ. ಅಷ್ಟ ಅಂದ್ರ ಸಾಕು.”

“ಇರ್ಲಿ ಬಿಡವಾ. ಅವರಿಗೂ ಬ್ಯಾನಿ ಇರತಾವಲ್ಲ. ನನಗ ಹತ್ತ ಮಿನಿಟ ಸಾಕು.”

ಸಾಕಾಗಿರಲಿಲ್ಲ. ಸೀರೆ ಹೋದರೆ, ಒಡವೆ ಹೋದರೆ ಮುರಿಗೆವ್ವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಬರೇ ಒಂದು ತಾಸು, ಇನ್ನೂ ಬಂದೇ ಇಲ್ಲದ ತಾಸು, ಅದನ್ನೂ ಹಲಸಿನ ಹಣ್ಣು ಬಿಡಿಸಿ ಹಂಚಿದ ಹಾಗೆ ಹಂಚಿ ತನಗೆ ಮೇಣ ಉಳಿಸಿದರಲ್ಲ ಎಂದು ಅಳು ಬಂತು. ಅತ್ತರೆ ಕಣ್ಣೊರೆಸಲು ಎಡಗೈಯನ್ನೇ ಎತ್ತಬೇಕು. ಆ ರಗಳೆ ಬೇಡವೆಂದು ಅವಳು ಅಳಲಿಲ್ಲ.

ಗುರುವಾರ ಬೆಳಗ್ಗೆ ಎಣ್ಣೆಯ ವಾಸನೆ ಹೋಗಲೆಂದು ಸೀಗೆಪುಡಿ ಹಚ್ಚಿ ಎರಡು ಸಲ ಮಿಂದಳು. ವಾಸನೆ ಹೋಗಲಿಲ್ಲ. ಸಡಿಲ ಬಟ್ಟೆಗೆಂದು ಸ್ಫೂರ್ತಿ ತನ್ನ ಹೊಸ ನೈಟಿ ಕೊಟ್ಟಿದ್ದಳು. ನೈಟಿಯಲ್ಲಿ ಬಸ್ಸು ಹತ್ತುವ ಧೈರ್ಯ ಮುರಿಗೆವ್ವನಿಗೆ ಇರಲಿಲ್ಲವಾದ್ದರಿಂದ ಅದನ್ನು ತೊಟ್ಟು ಅದರ ಮೇಲೆ ಸೀರೆ ಉಟ್ಟಳು. ಸಡಿಲವೂ ಆಯಿತು, ಮರ್ಯಾದೆಯೂ ಉಳಿಯಿತು, ಉಸಿರಾಡುವುದು ಮಾತ್ರ ಸ್ವಲ್ಪ ಕಷ್ಟವಾಯಿತು. ಶಿವಪುತ್ರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಬಸಪ್ಪ ಮೊಣಕಾಲಿಗೆ ಅನುಕೂಲವಾಗಲೆಂದು ಪಂಚೆ ಉಟ್ಟಿದ್ದ. ಕಲ್ಲವ್ವ ಮದುವೆಗೆ ಹೊರಟವಳಂತೆ ತುರುಬಿಗೆ ಹೂವು ಮುಡಿದಿದ್ದಳು. ಬಸ್ಸಿನಲ್ಲಿ ಮೂರು ಸೀಟು ಖಾಲಿ ಇದ್ದವು. ಮುರಿಗೆವ್ವ ಮೇಲಿನ ಸರಳು ಹಿಡಿಯಲಾಗದೆ, ಸೀಟಿನ ಬೆನ್ನಿಗೆ ಆತು ಶಿರಸಿಯವರೆಗೆ ನಿಂತಳು.

ಮಾಳಿಗೆಯ ಮೆಟ್ಟಿಲು ಹತ್ತುವಾಗ ಬಸಪ್ಪ ಪ್ರತಿ ಮೆಟ್ಟಿಲಿಗೂ ಒಂದೊಂದು ದೇವರ ಹೆಸರು ಹೇಳಿದ. ಮೇಲೆ ಒಂದು ಚಿಕ್ಕ ಕೋಣೆ, ನಾಲ್ಕು ಕುರ್ಚಿ, ಒಂದು ಗಡಿಯಾರ. ಒಳಕೋಣೆಗೆ ಬಾಗಿಲು. ಮೂವತ್ತರ ಆಸುಪಾಸಿನ ಚೇತನಾ ಬಿಳಿಯ ಮೇಲಂಗಿ ತೊಟ್ಟು ಹೊರಗೆ ಬಂದು, “ಹನ್ನೊಂದು ಗಂಟೆಯದ್ದು ಯಾರದು?” ಎಂದು ಕೇಳಿದಳು.

“ನಮ್ಮದ್ರಿ,” ಎಂದು ಮೂವರು ಎದ್ದುನಿಂತರು. ಮುರಿಗೆವ್ವ ಕೂತೇ ಇದ್ದಳು.

ಶಿವಪುತ್ರಪ್ಪ ಪಾಲಿನ ವಿವರವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸಿದ. ಮೊದಲು ಅಣ್ಣಂದು, ಹಿರಿಯರು. ಆಮೇಲೆ ತನ್ನದು. ಕಲ್ಲಕ್ಕಂದು. ಕೊನೆಗೆ ಮನೆಯಾಕೆಯದು, ಅದು ನಿನ್ನೆಯೇ ಅರ್ಧ ಆಗಿದೆ, ಬರೇ ಮುಗಿಸಿಕೊಡುವ ಕೆಲಸ.

ಚೇತನಾ ತಾಳ್ಮೆಯಿಂದ ಕೇಳಿದಳು. “ಹಾಗೆಲ್ಲ ಹಂಚ್ಲಿಕ್ಕೆ ಬರೂದಿಲ್ಲ ಯಜಮಾನ್ರೇ. ಹೆಸರು ಬರೆಸಿದ್ದು ಒಬ್ಬರದ್ದೇ.”

“ತಾಸ ನಮ್ಮದ ಅಲ್ಲೇನ್ರಿ? ಒಳಗ ಯಾರ ಬಂದ್ರು ಅಂತ ಗಡಿಯಾರಕ್ಕ ಏನ ಗೊತ್ತಾಗತೈತಿ?”

“ಗಡಿಯಾರಕ್ಕೆ ಗೊತ್ತಾಗೂದಿಲ್ಲ, ನಂಗೆ ಗೊತ್ತಾಗ್ತದೆ. ಅಮ್ಮನ್ನ ಮೊದ್ಲು ನೋಡ್ತೆ. ಉಳಿದದ್ದು ಆಮೇಲೆ ಮಾತಾಡುವ.” ಅವಳು ಮುರಿಗೆವ್ವನ ಎಡಗೈ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದಳು.

ಒಳಗೆ ತಂಪಾಗಿತ್ತು. ಎತ್ತರದ ಮಂಚ, ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಹೊದಿಕೆ, ತಲೆಗೊಂದು ದಿಂಬು, ಮೊಣಕಾಲ ಕೆಳಗಿಡಲು ಇನ್ನೊಂದು. ತನಗಾಗಿ ಯಾರೋ ಹಾಸಿಟ್ಟ ಹಾಸಿಗೆ. ಮುರಿಗೆವ್ವ ಅದನ್ನು ನೋಡುತ್ತ ಸೀರೆ ಬಿಚ್ಚಿದಳು. ಚೇತನಾ ನೈಟಿಯ ಕೊರಳನ್ನು ಸರಿಸಿ ಭುಜ ನೋಡಿದಳು.

“ಇದು ಎಂತ ಆದದ್ದು ಅಮ್ಮ?”

ಮುರಿಗೆವ್ವ ಹೇಳಿದಳು. ನೂರಾ ಐದು ರೊಟ್ಟಿ. ಕಲ್ಲಕ್ಕನ ಹೆಬ್ಬೆರಳು. ಜೆಸಿಬಿ. ಹೇಳುತ್ತ ಹೋದ ಹಾಗೆ ಅದು ತನ್ನ ಕಿವಿಗೇ ಹುಚ್ಚರ ಕತೆಯಂತೆ ಕೇಳಿಸಿ ದನಿ ಸಣ್ಣದಾಯಿತು.

“ಇವತ್ತು ನಾನು ಇದನ್ನ ಒತ್ತುವ ಹಾಗೇ ಇಲ್ಲ,” ಎಂದಳು ಚೇತನಾ. “ಊತ ಇಳೀಬೇಕು. ಹತ್ತು ದಿನ ರೊಟ್ಟಿ ಬಡೀಬೇಡಿ. ಹತ್ತು ಅಂದ್ರೆ ಹತ್ತೇ, ಒಂಬತ್ತಲ್ಲ. ಯಾರೂ ಮುಟ್ಟೂದೂ ಬೇಡ. ಆಮೇಲೆ ಬನ್ನಿ.” ಅವಳು ಮೊಣಕೈಗೆ ಆಸರೆ ಕೊಟ್ಟು ತೋಳನ್ನು ನಿಧಾನಕ್ಕೆ ಎತ್ತಿದಳು. ಎದೆಯ ಮಟ್ಟದಲ್ಲಿ ಅದು ನಿಂತಿತು. “ಇಷ್ಟು ಬರ್ತದಲ್ಲ. ಉಳಿದದ್ದೂ ಬರ್ತದೆ. ಕೈ ಎಲ್ಲೂ ಹೋಗ್ಲಿಲ್ಲ.”

ಕೈ ಬರುತ್ತದೆ ಎಂಬ ಮಾತಿಗೆ ಮುರಿಗೆವ್ವನಿಗೆ ಸಮಾಧಾನ ಆಗಬೇಕಿತ್ತು. ಆಯಿತು ಕೂಡ. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಹಾಗಾದರೆ ಇವತ್ತಿನ ತಾಸು ಪೂರ್ತಿ ಹೊರಗಿನ ಮೂವರಿಗೇ ಹೋಯಿತು. ತನ್ನ ಹತ್ತು ನಿಮಿಷವೂ ಸೇರಿ ಹೋಯಿತು.

ಚೇತನಾ ಗಡಿಯಾರ ನೋಡಿದಳು. “ಈ ತಾಸಿಗೆ ಬೇರೆ ಯಾರೂ ಇಲ್ಲ. ನಿಮಗೆ ಅಡ್ಡಿ ಇಲ್ಲ ಅಂದ್ರೆ ಯಜಮಾನರ ಸೊಂಟ ನೋಡಬಹುದು. ನೀವು ಹೇಳಿದ ಹಾಗೆ.”

ಮಾಡವಾ, ಪಾಪ, ಅವರಿಗೂ ಬ್ಯಾನಿ ಐತಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಅಲ್ಲೇ ಹುಟ್ಟಿ ಅಲ್ಲೇ ಬೆಳೆದ ಮಾತು, ಯೋಚನೆ ಮಾಡಿ ಆಡುವಂಥದ್ದಲ್ಲ. ಮುರಿಗೆವ್ವ ಬಿಳಿ ಹೊದಿಕೆಯ ಮೇಲೆ ಎಡಗೈ ಇಟ್ಟಳು. ತಣ್ಣಗಿತ್ತು. ಭುಜ ಸಿಡಿಯುತ್ತಿತ್ತು. ಹೊರಗೆ ಶಿವಪುತ್ರಪ್ಪ ಅಣ್ಣನಿಗೆ ಪಂಚೆ ಮೇಲೆ ಕಟ್ಟಿಕೊಂಡು ತಯಾರಾಗು ಎನ್ನುವುದು ಬಾಗಿಲ ಈಚೆಗೂ ಕೇಳಿಸಿತು. ಅವಳಿಗೆ ಸಿಟ್ಟು ಬಂತು. ಗಂಡನ ಮೇಲೆ ಬಂತು, ನೂರಾ ಐದು ರೊಟ್ಟಿಯ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚು ಆ ನಾಲಿಗೆಯ ತುದಿಯ ಮಾತಿನ ಮೇಲೆ ಬಂತು.

“ತಂಗಿ, ಈ ತಾಸ ನಂದ ಹೌದಿಲ್ಲ?”

“ನಿಮ್ದೇ ಅಮ್ಮ.”

“ಹಂಗಾರ ನಾ ಇಲ್ಲೇ ಮಕ್ಕೋತೇನಿ. ನೀ ಏನೂ ಮಾಡಬ್ಯಾಡ. ಬಾಗಲಾ ಹಾಕ್ಕೊ.”

ಚೇತನಾ ಬಾಗಿಲಿನ ಚಿಲಕ ಹಾಕಿ, ಮಂಚಕ್ಕೆ ಹತ್ತಿಸಿ, ಊದಿದ ಭುಜದ ಮೇಲೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಿದಳು. ಮೊಣಕಾಲ ಕೆಳಗೆ ದಿಂಬು ಸರಿಸಿದಳು. ಮುರಿಗೆವ್ವ ಹೊತ್ತು ನೆತ್ತಿಗೇರುವ ಸಮಯದಲ್ಲಿ ಕಾಲು ಚಾಚಿ ಮಲಗಿದಳು. ಎದೆಯ ಮೇಲಿನ ಲಿಂಗದ ಮೇಲೆ ಎಡಗೈ ಇಟ್ಟುಕೊಂಡಳು. ಜಂತೆಯಿಲ್ಲದ, ಜೇಡವಿಲ್ಲದ, ತಾನು ಗುಡಿಸಬೇಕಾಗಿಲ್ಲದ ಸೂರು ನೋಡುತ್ತ ಯಾವಾಗ ಕಣ್ಣು ಮುಚ್ಚಿದಳೋ ಅವಳಿಗೇ ತಿಳಿಯಲಿಲ್ಲ.

ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು.

“ಏ ಆನಂದನವ್ವಾ, ಮುಗೀತಿಲ್ಲೊ? ಅರ್ಧ ತಾಸ ಆತು. ಅಣ್ಣ ಪಂಚಿ ಕಟ್ಕೊಂಡ ಕುಂತಾನ.”

ಚೇತನಾ ಎದ್ದು ಬಾಗಿಲ ಕಡೆ ಹೊರಟಳು. ಮುರಿಗೆವ್ವ ಕೈಸನ್ನೆಯಿಂದ ತಡೆದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಈ ದನಿಗೆ ಅವಳು ಎದ್ದು ನಿಲ್ಲದೆ ಉತ್ತರ ಕೊಟ್ಟಿರಲಿಲ್ಲ. ಈಗ ಮಲಗಿದಲ್ಲಿಂದಲೇ, ಸೂರು ನೋಡುತ್ತಲೇ ಹೇಳಿದಳು.

“ಇನ್ನ ಅರ್ಧ ತಾಸ ಐತ್ರಿ. ಅದೂ ನಂದ. ಅಲ್ಲೇ ಕುಂದರ್ರಿ.”

ಶಿವಪುತ್ರಪ್ಪ ಬಾಗಿಲಿಗೆ ಹತ್ತಿಕೊಂಡೇ ನಿಂತಿರುವುದು ಕೆಳಗಿನ ಸಂದಿಯಲ್ಲಿ ಅವನ ಚಪ್ಪಲಿಯ ನೆರಳಿನಿಂದ ತಿಳಿಯುತ್ತಿತ್ತು. ಇನ್ನೊಮ್ಮೆ ಬಡಿಯುತ್ತಾನೆ ಎಂದು ಅವಳು ಕಾದಳು. ನೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಸರಿಯಿತು. ಕುರ್ಚಿಯೊಂದು ಕಿರುಗುಟ್ಟಿತು.